ಪಿಸ್ತೂಲಿಗೆ ಸಾಲ ಮಾಡುವ ಮುನ್ನ ಅದರ ಟ್ರಿಗರ್‌ಗೆ ಒಂದು ಕೆ.ಜಿ. ತೂಗುಹಾಕಿ ನೋಡಿ

2024ರ ಜುಲೈ ಕೊನೆಯಲ್ಲಿ ನಿಮ್ಮ ಊರಿನ ವಾಟ್ಸಾಪ್ ಗುಂಪಿಗೂ ಆ ಫೋಟೊ ಬಂದಿರುತ್ತದೆ. ಟೀ ಶರ್ಟು, ಮಾಮೂಲಿ ಕನ್ನಡಕ, ಒಂದು ಕೈ ಜೇಬಿನಲ್ಲಿ, ಇನ್ನೊಂದು ಕೈಯಲ್ಲಿ ಪಿಸ್ತೂಲು. ಟರ್ಕಿಯ ಯೂಸುಫ್ ದಿಕೆಚ್, ವಯಸ್ಸು 51. ಪ್ಯಾರಿಸ್ ಒಲಿಂಪಿಕ್ಸ್‌ನ 10 ಮೀಟರ್ ಏರ್ ಪಿಸ್ತೂಲು ಮಿಶ್ರ ತಂಡ ಸ್ಪರ್ಧೆಯಲ್ಲಿ ಬೆಳ್ಳಿ. ಕೆಳಗೆ ಯಾರೋ ಬರೆದಿದ್ದರು: ‘ಸಾಮಾನು ಏನೂ ಬೇಡ, ಗುಂಡಿಗೆ ಇದ್ದರೆ ಸಾಕು’.

ಅದೇ ಸ್ಪರ್ಧೆಯಲ್ಲಿ ಕಂಚು ಗೆದ್ದವರು ನಮ್ಮ ಮನು ಭಾಕರ್ ಮತ್ತು ಸರಬ್ಜೋತ್ ಸಿಂಗ್. ಅವರ ಫೋಟೊಗಿಂತ ಜೇಬಿನಲ್ಲಿ ಕೈಯಿಟ್ಟ ಮನುಷ್ಯನ ಫೋಟೊವೇ ಹೆಚ್ಚು ಓಡಾಡಿತು. ಪರವಾಗಿಲ್ಲ. ಆದರೆ ಆ ಫೋಟೊ ಒಂದು ಸುಳ್ಳು ಹೇಳಿತು. ಅವರ ಕೈಯಲ್ಲಿ ಇದ್ದದ್ದು ಜಾತ್ರೆಯಲ್ಲಿ ಬಲೂನು ಹೊಡೆಯುವ ಗನ್ ಅಲ್ಲ, ಪಕ್ಕಾ ಸ್ಪರ್ಧೆಯ ಪಿಸ್ತೂಲು. ಕಿವಿಯಲ್ಲಿ ಬಿರಡೆಯೂ ಇತ್ತು. 2008ರ ಬೀಜಿಂಗ್‌ನಿಂದ ಒಲಿಂಪಿಕ್ಸ್‌ಗೆ ಹೋಗಿಬರುತ್ತಿರುವ ಮನುಷ್ಯ ಅವರು.

ಇದು ಒಂದು ಸುಳ್ಳು. ಇದಕ್ಕೆ ಸರಿಯಾಗಿ ಎದುರು ನಿಂತ ಇನ್ನೊಂದು ಸುಳ್ಳಿದೆ. ‘ದುಬಾರಿ ಪಿಸ್ತೂಲು ಕೊಡಿಸಿ, ಮೆಡಲ್ ತಾನಾಗಿ ಬರುತ್ತೆ’ ಅನ್ನುವುದು. ಪ್ಯಾರಿಸ್ ಆದಮೇಲೆ ತಾಲ್ಲೂಕು ಊರುಗಳಲ್ಲೂ ಷೂಟಿಂಗ್ ಅಕಾಡೆಮಿಯ ಬೋರ್ಡುಗಳು ಕಾಣಿಸಿಕೊಂಡಿವೆ. ಎಲ್ಲರೂ ಕೆಟ್ಟವರಲ್ಲ. ಆದರೆ ಕೆಲವರು ಕಲಿಸುವುದಕ್ಕಿಂತ ಮಾರುವುದರಲ್ಲಿ ಮುಂದಿದ್ದಾರೆ. ಮೊದಲ ಸುಳ್ಳು ನಗಿಸಿ ಹೋಗುತ್ತದೆ, ಎರಡನೆಯದು ಹೊಲದ ಪಹಣಿಯನ್ನು ಬ್ಯಾಂಕಿಗೆ ಕಳಿಸುತ್ತದೆ. ನಾವು ಈ ಬರಹ ಬರೆಯುತ್ತಿರುವುದು ಎರಡನೆಯದರ ವಿರುದ್ಧ.

ಫೋನ್ ಮಾಡಿದ ಅಪ್ಪ

ನಮ್ಮ ಬರಹಗಳನ್ನು ಓದುವ ಮಲೆನಾಡಿನ ಅಡಿಕೆ ಬೆಳೆಗಾರರೊಬ್ಬರು ಒಂದು ರಾತ್ರಿ ಫೋನ್ ಮಾಡಿದರು. ಮಗಳು ಪಿಯುಸಿ. ಒಂದೂವರೆ ವರ್ಷದಿಂದ ಏರ್ ಪಿಸ್ತೂಲು ಹೊಡೆಯುತ್ತಿದ್ದಾಳೆ, ಚೆನ್ನಾಗಿಯೇ ಹೊಡೆಯುತ್ತಾಳೆ. ಅಕಾಡೆಮಿಯವರು ‘ಈಗ ಇವಳು 25 ಮೀಟರ್‌ಗೆ ಹೋಗಬೇಕು, ಅದಕ್ಕೆ ಪಾಯಿಂಟ್ ಟೂ ಟೂ ಪಿಸ್ತೂಲು ಬೇಕು, ಫಾರಿನ್ನಿನದೇ ಆಗಬೇಕು’ ಎಂದು ಒಂದು ಹಾಳೆಯಲ್ಲಿ ಲೆಕ್ಕ ಬರೆದುಕೊಟ್ಟಿದ್ದಾರೆ.

‘ನೋಡ್ರಪ್ಪಾ, ನೀವು ನಾಕು ಕಡೆ ಓಡಾಡೋರು. ಈ ದುಡ್ಡಿಗೆ ಒಂದು ಸೆಕೆಂಡ್ ಹ್ಯಾಂಡ್ ಟ್ರ್ಯಾಕ್ಟರ್ ಬರುತ್ತೆ. ಟ್ರ್ಯಾಕ್ಟರ್ ಆದ್ರೆ ನಂಗೆ ನೋಡೋಕೆ ಗೊತ್ತು. ಇದನ್ನ ಹೇಗೆ ನೋಡಬೇಕು?’

ಪ್ರಶ್ನೆ ಇಷ್ಟು ಸರಿಯಾಗಿದ್ದಾಗ ಉತ್ತರ ಹುಡುಕದೆ ಇರುವುದು ನಮ್ಮ ಕಸುಬಿಗೆ ಅವಮಾನ. ಅಪ್ಪ, ಮಗಳು, ನಾವು ಮೂವರು ಸೇರಿ ನಗರದ ಒಂದು ರೇಂಜಿಗೆ ಹೋದೆವು. ಅಲ್ಲಿ ಹಿರಿಯ ಕೋಚ್ ಒಬ್ಬರು ಕ್ಲಬ್ಬಿನ ಹಳೆಯ ಪಿಸ್ತೂಲು ತೆಗೆದರು. ಹಾಳೆಯಲ್ಲಿ ಬರೆದಿದ್ದ ಮಾದರಿಯದೇ ಹೊಸ ಪಿಸ್ತೂಲು ಅಲ್ಲಿನ ಇನ್ನೊಬ್ಬ ಷೂಟರ್ ಬಳಿ ಇತ್ತು, ಅವರೂ ಪಕ್ಕದಲ್ಲಿ ನಿಂತು ಹೊಡೆಯಲು ಕೊಟ್ಟರು. ಅರ್ಧ ದಿನ ಎರಡನ್ನೂ ನೋಡಿದೆವು. ಕೋಚ್ ಹೇಳಿಕೊಟ್ಟದ್ದು, ನಾವು ನಿಯಮ ಪುಸ್ತಕ ಓದಿ ತಿಳಿದದ್ದು, ಎರಡನ್ನೂ ಸೇರಿಸಿ ಇಲ್ಲಿ ಹೇಳುತ್ತಿದ್ದೇವೆ.

ಇದು ಎಂಥ ಪಿಸ್ತೂಲು?

ಸೆಮಿ ಆಟೊಮ್ಯಾಟಿಕ್ ಅಂದಕೂಡಲೆ ಸಿನಿಮಾ ನೆನಪಾಗಬಾರದು. ಒಂದು ಸಲ ಟ್ರಿಗರ್ ಎಳೆದರೆ ಒಂದೇ ಗುಂಡು. ಅದು ಸಿಡಿದ ಒತ್ತಡಕ್ಕೇ ಒಳಗಿನ ಬೋಲ್ಟ್ ಹಿಂದಕ್ಕೆ ಹೋಗಿ, ಖಾಲಿ ಕೋಶವನ್ನು ಹೊರಗೆಸೆದು, ಸ್ಪ್ರಿಂಗಿನ ಬಲಕ್ಕೆ ಮುಂದೆ ಬರುವಾಗ ಮುಂದಿನ ಗುಂಡನ್ನು ಒಳಗೆ ತಳ್ಳುತ್ತದೆ. ಮತ್ತೆ ಹೊಡೆಯಬೇಕೆಂದರೆ ಮತ್ತೆ ಟ್ರಿಗರ್ ಎಳೆಯಬೇಕು. ಸ್ಪರ್ಧೆಯಲ್ಲಿ ಒಂದು ಮ್ಯಾಗಜಿನ್‌ಗೆ ಐದೇ ಗುಂಡು.

ಈ ಸ್ವಯಂ ತುಂಬಿಕೊಳ್ಳುವ ಗುಣ ಬೇಕಾಗಿರುವುದು ಸಮಯದ ಆಟಕ್ಕಾಗಿ. ಮಹಿಳೆಯರ 25 ಮೀಟರ್ ಪಿಸ್ತೂಲು ಸ್ಪರ್ಧೆಯಲ್ಲಿ 60 ಗುಂಡು. ಮೊದಲ 30 ನಿಧಾನದ್ದು, ಐದು ಗುಂಡಿಗೆ ಐದು ನಿಮಿಷ. ಆಮೇಲಿನ 30 ಚುರುಕಿನದ್ದು: ಗುರಿ ಮೂರು ಸೆಕೆಂಡ್ ಮಾತ್ರ ಸಿಗುತ್ತದೆ, ಅಷ್ಟರಲ್ಲಿ ಕೆಳಗಿದ್ದ ಕೈ ಎತ್ತಿ ಒಂದು ಗುಂಡು ಹೊಡೆಯಬೇಕು, ಏಳು ಸೆಕೆಂಡ್ ಬಿಟ್ಟು ಇನ್ನೊಂದು. ಪುರುಷರ ರ‍್ಯಾಪಿಡ್ ಫೈರ್ ಇನ್ನೂ ಕಠಿಣ. ಅಕ್ಕಪಕ್ಕದ ಐದು ಗುರಿಗಳಿಗೆ ಐದು ಗುಂಡು, ಮೊದಲು 8 ಸೆಕೆಂಡಿನಲ್ಲಿ, ಆಮೇಲೆ 6ರಲ್ಲಿ, ಕೊನೆಗೆ 4ರಲ್ಲಿ. ಎಲ್ಲವೂ ಒಂದೇ ಕೈಯಲ್ಲಿ.

ಇದಕ್ಕೆ ಅಂತರರಾಷ್ಟ್ರೀಯ ಷೂಟಿಂಗ್ ಒಕ್ಕೂಟ ಅಳತೆ ಹಾಕಿಟ್ಟಿದೆ. ತೂಕ 1,400 ಗ್ರಾಂ ಮೀರಬಾರದು. ಟ್ರಿಗರ್ ಎಳೆತ 1,000 ಗ್ರಾಂಗಿಂತ ಕಡಿಮೆ ಇರಬಾರದು. ಮುಂದಿನ ಮತ್ತು ಹಿಂದಿನ ಗುರಿಕಟ್ಟುಗಳ ನಡುವೆ 220 ಮಿ.ಮೀ.ಗಿಂತ ಹೆಚ್ಚು ಅಂತರ ಇರಬಾರದು. ಇಟಲಿಯ ಪಾರ್ದಿನಿ, ಜರ್ಮನಿಯ ವಾಲ್ಥರ್, ಸ್ವಿಟ್ಜರ್ಲೆಂಡಿನ ಮೊರಿನಿ ಎಲ್ಲರೂ ಈ ಬೇಲಿಯೊಳಗೇ ಪಿಸ್ತೂಲು ಮಾಡಬೇಕು. ಹೆಚ್ಚು ದುಡ್ಡು ಕೊಟ್ಟರೆ ಬೇಲಿಯಾಚೆ ಹೋಗುವ ಪಿಸ್ತೂಲು ಸಿಗುವುದಿಲ್ಲ. ಮಾರುವವರು ಈ ಮಾತು ಹೇಳುವುದಿಲ್ಲ.

ಪೋಸ್ಟ್ ಕಾರ್ಡಿನ ದಪ್ಪದ ಲೆಕ್ಕ

‘ಈ ಪಿಸ್ತೂಲಿನ ಅಕ್ಯುರಸಿಯೇ ಬೇರೆ’ ಅನ್ನುವುದು ಮಾರಾಟದ ಮೊದಲ ಮಾತು. ಸ್ವಲ್ಪ ಲೆಕ್ಕ ಮಾಡೋಣ, ಏಳನೇ ಕ್ಲಾಸಿನ ಗಣಿತ ಸಾಕು.

ಗುರಿಕಟ್ಟುಗಳ ನಡುವೆ 220 ಮಿ.ಮೀ., ಗುರಿ 25 ಮೀಟರ್ ದೂರ. ಕೈ ಅಲುಗಿ ಮುಂದಿನ ಗುರಿಕಟ್ಟು ಒಂದು ಮಿಲಿಮೀಟರ್ ಪಕ್ಕಕ್ಕೆ ಸರಿದರೆ ಗುಂಡು ಸುಮಾರು 11 ಸೆಂ.ಮೀ. ಪಕ್ಕಕ್ಕೆ ಹೋಗುತ್ತದೆ. ನಿಧಾನದ ಸುತ್ತಿನ ಹತ್ತರ ವೃತ್ತದ ಅಗಲ 5 ಸೆಂ.ಮೀ. ಅಂದರೆ ನಟ್ಟನಡುವಿಗೆ ಇಟ್ಟ ಗುರಿ ಆ ವೃತ್ತದ ಅಂಚಿಗೆ ಹೋಗಲು ಕಾಲು ಮಿಲಿಮೀಟರ್‌ನಷ್ಟು ಅಲುಗಾಟವೂ ಬೇಕಿಲ್ಲ. ಹೆಚ್ಚುಕಡಿಮೆ ಒಂದು ಪೋಸ್ಟ್ ಕಾರ್ಡಿನ ದಪ್ಪ.

ಸರಿಯಾಗಿರುವ ಯಾವ ಸ್ಪರ್ಧಾ ಪಿಸ್ತೂಲನ್ನಾದರೂ, ಹಳೆಯದೇ ಆಗಲಿ, ಮೇಜಿನ ಮೇಲೆ ಬಿಗಿಯಾಗಿ ಆನಿಸಿ ಹೊಂದುವ ಗುಂಡಿನಲ್ಲಿ ಹೊಡೆದರೆ ಹತ್ತರ ವೃತ್ತದೊಳಗೇ ಗುಂಪು ಬೀಳುತ್ತದೆ. ಉಳಿದ ದೂರವೆಲ್ಲ ಕೈಯದು, ಕಣ್ಣಿನದು, ಉಸಿರಿನದು, ಬೆರಳಿನದು. ಕುಣಿಯಲಾರದವಳು ನೆಲ ಡೊಂಕು ಅಂದಳು ಅನ್ನುವ ಗಾದೆ ನಮಗೆಲ್ಲ ಗೊತ್ತು. ಇಲ್ಲಿ ಕುಣಿಯಲು ಕಲಿಯುತ್ತಿರುವ ಹುಡುಗಿ ಏನೂ ಅಂದಿಲ್ಲ, ನೆಲ ಮಾರುವವನೇ ನಿನ್ನ ನೆಲ ಡೊಂಕು ಅನ್ನುತ್ತಿದ್ದಾನೆ.

ಹಾಗಾದರೆ ಏನು ನೋಡಬೇಕು?

ಪಂಪ್‌ಸೆಟ್ ಕೊಳ್ಳುವಾಗ ನಾವು ಬಣ್ಣ ನೋಡುತ್ತೇವಾ? ಬಾವಿ ಎಷ್ಟು ಆಳ, ಕರೆಂಟು ಎಷ್ಟು ಬರುತ್ತೆ, ಕೆಟ್ಟರೆ ಯಾರು ಬಿಚ್ಚುತ್ತಾರೆ, ಇಷ್ಟು ಕೇಳುತ್ತೇವೆ. ಪಿಸ್ತೂಲಿಗೂ ಅದೇ ಬುದ್ಧಿ ಸಾಕು.

ಮೊದಲನೆಯದು ಹಿಡಿ. ಸ್ಪರ್ಧಾ ಪಿಸ್ತೂಲಿನ ಹಿಡಿ ಮರದ್ದು, ಅಂಗೈಯ ಅಚ್ಚಿನಂತೆ ಕೆತ್ತಿರುತ್ತಾರೆ. ಚಿಕ್ಕ, ಮಧ್ಯಮ, ದೊಡ್ಡ ಅಳತೆಗಳಿವೆ, ಎಡಗೈಯವರಿಗೆ ಬೇರೆಯೇ ಇದೆ. ರೇಂಜಿನಲ್ಲಿ ಆ ಹೊಸ ಪಿಸ್ತೂಲು ನಮ್ಮ ಹುಡುಗಿಯ ಕೈಗೆ ಅಪ್ಪನ ಚಪ್ಪಲಿ ಹಾಕಿಕೊಂಡ ಹಾಗಿತ್ತು. ಬೆರಳಿನ ತುದಿ ಟ್ರಿಗರ್ ಮುಟ್ಟಲು ಮಣಿಕಟ್ಟನ್ನೇ ತಿರುಗಿಸಬೇಕಾಯಿತು. ಕೋಚ್ ಕೇಳಿದರು: ‘ಕಣ್ಣು ಮುಚ್ಚಿ ಕೈ ಎತ್ತಮ್ಮ. ಈಗ ಕಣ್ಣು ಬಿಡು. ಗುರಿಕಟ್ಟು ಎಲ್ಲಿದೆ?’ ಎಡಕ್ಕಿತ್ತು. ಹಳೆಯ ಪಿಸ್ತೂಲಿನ ಚಿಕ್ಕ ಹಿಡಿಯಲ್ಲಿ ಅದೇ ಪರೀಕ್ಷೆ ಮಾಡಿದಾಗ ನೇರಕ್ಕಿತ್ತು. ಹಿಡಿ ಹೊಂದದಿದ್ದರೆ ಮೂರು ಸೆಕೆಂಡಿನಲ್ಲಿ ಕೈ ಎತ್ತಿ ಗುರಿ ಹುಡುಕುವುದರಲ್ಲೇ ಹೊತ್ತು ಹೋಗುತ್ತದೆ. ಈ ಪರೀಕ್ಷೆಗೆ ಒಂದು ಗುಂಡೂ ಖರ್ಚಾಗುವುದಿಲ್ಲ.

ಎರಡನೆಯದು ಟ್ರಿಗರ್. ಸ್ಪರ್ಧೆಗೆ ಮುನ್ನ ತೀರ್ಪುಗಾರರು ಮಾಡುವ ಪರೀಕ್ಷೆಯನ್ನೇ ನೀವೂ ಮಾಡಿಸಿ. ಖಾಲಿ ಪಿಸ್ತೂಲು, ಖಾಲಿ ಇದೆಯೆಂದು ಎರಡು ಸಲ ನೋಡಿಕೊಂಡದ್ದು. ನಳಿಗೆ ಮೇಲ್ಮುಖ. ಟ್ರಿಗರ್‌ಗೆ ಒಂದು ಕೆ.ಜಿ.ಯ ತೂಕದ ಕಲ್ಲು ತೂಗುಹಾಕಿ ಮೇಜಿನಿಂದ ಮೆಲ್ಲಗೆ ಎತ್ತಬೇಕು. ಕಲ್ಲು ಮೇಲೆದ್ದರೂ ಟ್ರಿಗರ್ ಬಿಡಬಾರದು. ಬಿಟ್ಟರೆ ಆ ಪಿಸ್ತೂಲು ಸ್ಪರ್ಧೆಗೆ ಹೋಗುವಂತಿಲ್ಲ. ಒಂದು ಸಲ ಅಲ್ಲ, ಹತ್ತು ಸಲ ಮಾಡಿಸಿ. ಸವೆದ ಪಿಸ್ತೂಲು ಒಮ್ಮೆ ಎತ್ತುತ್ತದೆ, ಇನ್ನೊಮ್ಮೆ ಬಿಡುತ್ತದೆ. ಆಮೇಲೆ ಬೆರಳಿನಿಂದ ನೋಡಿ. ಮೊದಲು ಸ್ವಲ್ಪ ಸಡಿಲ, ಆಮೇಲೆ ಒಂದು ಗೋಡೆ ಸಿಕ್ಕ ಹಾಗೆ, ಆ ಗೋಡೆ ಪ್ರತಿಸಲ ಒಂದೇ ಜಾಗದಲ್ಲಿ ಮುರಿಯಬೇಕು. ಕರಕರ ಎಳೆದುಕೊಂಡು ಹೋದರೆ ಬೇಡ.

ಮೂರನೆಯದು ನಂಬಿಕೆ. ಮುಂದೆ ನಿಮಗೆ ನಿಜವಾಗಿ ಸಿಗುವ ಗುಂಡು ಯಾವುದೋ ಅದರಲ್ಲೇ ನೂರು ಗುಂಡು ಹೊಡೆದು ನೋಡಬೇಕು. ಪಾಯಿಂಟ್ ಟೂ ಟೂ ಚಿಕ್ಕ ಗುಂಡು. ಅದರ ಮದ್ದಿನ ಬಲ ಸ್ವಲ್ಪ ಹೆಚ್ಚುಕಡಿಮೆಯಾದರೂ ಬೋಲ್ಟ್ ಪೂರ್ತಿ ಹಿಂದೆ ಹೋಗದೆ ಸಿಕ್ಕಿಕೊಳ್ಳುತ್ತದೆ. ಹೊಸ ಪಿಸ್ತೂಲು ನಮ್ಮೆದುರೇ ಮೂರನೇ ಮ್ಯಾಗಜಿನ್‌ನಲ್ಲಿ ಸಿಕ್ಕಿಕೊಂಡಿತು. ಅದರ ಒಡೆಯರು ಪ್ರಾಮಾಣಿಕರು: ‘ಈ ಗುಂಡು ಇದಕ್ಕೆ ಆಗಲ್ಲ, ನಾನು ಬೇರೆ ತರಿಸ್ತೀನಿ’ ಅಂದರು. ಆ ‘ಬೇರೆ’ಯ ಬೆಲೆ ಅಪ್ಪನ ಕೈಯ ಹಾಳೆಯಲ್ಲಿ ಇರಲಿಲ್ಲ.

ನಾಲ್ಕನೆಯದು ರಿಪೇರಿ. ಫೈರಿಂಗ್ ಪಿನ್ ಮುರಿದರೆ, ಸ್ಪ್ರಿಂಗ್ ಸತ್ತರೆ, ಎಲ್ಲಿ ಸಿಗುತ್ತೆ, ಎಷ್ಟು ದಿನಕ್ಕೆ ಬರುತ್ತೆ? ‘ತರಿಸಿಕೊಡ್ತೀವಿ’ ಅನ್ನುವುದು ಉತ್ತರವಲ್ಲ. ಒಂದು ಮ್ಯಾಗಜಿನ್‌ನ ತುಟಿ ಬಗ್ಗಿದರೂ ಸಾಕು, ಆ ದಿನದ ಪಿಸ್ತೂಲು ಬರೀ ಕಬ್ಬಿಣ.

ನಾಲ್ಕೂ ಮುಗಿದಮೇಲೆ ಹುಡುಗಿ ಎರಡರಲ್ಲೂ ಐದೈದು ಗುಂಡು ನಿಧಾನಕ್ಕೆ ಹೊಡೆದಳು. ಹೊಸದರಲ್ಲಿ ಮೂರು ಕಪ್ಪು ವೃತ್ತದೊಳಗೆ. ಬಣ್ಣ ಹೋದ ಹಳೆಯದರಲ್ಲಿ ಐದೂ ಒಳಗೆ. ಐದು ಗುಂಡಿನಿಂದ ಏನೂ ಸಾಬೀತಾಗುವುದಿಲ್ಲ ಎಂದು ಕೋಚ್ ನಕ್ಕರು. ನಿಜ. ಆದರೆ ಲಕ್ಷಗಟ್ಟಲೆ ದುಡ್ಡು ಕೇಳುವವರು ಆ ಐದು ಗುಂಡನ್ನೂ ಹೊಡೆಸಿ ತೋರಿಸಿರಲಿಲ್ಲ.

ಟೋಕಿಯೊ ಮರೆಯಬೇಡಿ

ಒಳ್ಳೆಯ ಹೆಸರಿದ್ದರೆ ಕೈಕೊಡುವುದಿಲ್ಲ ಅನ್ನುವವರಿಗೆ 2021ರ ಜುಲೈ 25 ನೆನಪಿಸಬೇಕು. ಟೋಕಿಯೊ ಒಲಿಂಪಿಕ್ಸ್, ಮಹಿಳೆಯರ 10 ಮೀಟರ್ ಏರ್ ಪಿಸ್ತೂಲು ಅರ್ಹತಾ ಸುತ್ತು. ಮನು ಭಾಕರ್‌ಗೆ ಆಗ 19. ಜಗತ್ತಿನ ಒಳ್ಳೆಯ ಪಿಸ್ತೂಲುಗಳಲ್ಲಿ ಒಂದು ಅವರ ಕೈಯಲ್ಲಿತ್ತು. ಸುತ್ತಿನ ನಡುವೆ ಅದು ಕೆಟ್ಟಿತು. ಸಾಲಿನಿಂದ ಹೊರಗೆ ಹೋಗಿ ಸರಿಮಾಡಿಸಿಕೊಂಡು ಬರುವಷ್ಟರಲ್ಲಿ ಅಮೂಲ್ಯ ನಿಮಿಷಗಳು ಕಳೆದಿದ್ದವು, ಉಳಿದ ಗುಂಡುಗಳನ್ನು ಅವಸರದಲ್ಲಿ ಹೊಡೆಯಬೇಕಾಯಿತು. 575 ಅಂಕ, 12ನೇ ಸ್ಥಾನ. ಫೈನಲ್‌ಗೆ ಹೋದ ಎಂಟನೆಯವರಿಗೂ ಇವರಿಗೂ ನಡುವೆ ಎರಡೇ ಅಂಕ.

ಮೂರು ವರ್ಷದ ನಂತರ ಪ್ಯಾರಿಸ್‌ನಲ್ಲಿ ಅದೇ ಸ್ಪರ್ಧೆಯಲ್ಲಿ ಕಂಚು, ಮಿಶ್ರ ತಂಡದಲ್ಲಿ ಇನ್ನೊಂದು ಕಂಚು, 25 ಮೀಟರ್‌ನಲ್ಲಿ ನಾಲ್ಕನೇ ಸ್ಥಾನ. ಪಿಸ್ತೂಲು ಯಾವುದು ಅನ್ನುವುದಕ್ಕಿಂತ, ಕೆಟ್ಟಾಗ ಪಕ್ಕದಲ್ಲಿ ಯಾರಿದ್ದಾರೆ, ಇನ್ನೊಂದು ಪಿಸ್ತೂಲು ಇದೆಯೇ, ಇದನ್ನೆಲ್ಲ ಮೊದಲೇ ಅಭ್ಯಾಸ ಮಾಡಿದ್ದೀರಾ ಅನ್ನುವುದು ದೊಡ್ಡದು.

25 ಮೀಟರ್‌ನಲ್ಲಿ ಗುಂಡು ಸಿಕ್ಕಿಕೊಂಡರೆ ನಿಯಮದಲ್ಲಿ ಪರಿಹಾರವಿದೆ. ತಪ್ಪು ಪಿಸ್ತೂಲಿನದೋ ಗುಂಡಿನದೋ ಆಗಿದ್ದರೆ ತೀರ್ಪುಗಾರರು ಮತ್ತೆ ಅವಕಾಶ ಕೊಡುತ್ತಾರೆ, ಅದೂ ಮಿತಿಯೊಳಗೆ. ಮ್ಯಾಗಜಿನ್ ಸರಿಯಾಗಿ ಕೂರಿಸಿರಲಿಲ್ಲ, ಸೇಫ್ಟಿ ತೆಗೆದಿರಲಿಲ್ಲ, ಗುಂಡು ಕಡಿಮೆ ತುಂಬಿದ್ದೆ ಅಂದರೆ ಆ ಗುಂಡಿಗೆ ಸೊನ್ನೆ. ನಿಮ್ಮ ಮಗುವಿನ ಅಕಾಡೆಮಿ ಇದನ್ನು ಕಲಿಸಿದೆಯೇ? ಕೇಳಿ ನೋಡಿ. ಆ ಹುಡುಗಿಗೆ ಕಲಿಸಿರಲಿಲ್ಲ.

ಹಾಳೆಯಲ್ಲಿ ಇಲ್ಲದ ಲೆಕ್ಕ

ಪಿಸ್ತೂಲನ್ನು ಒಂದು ಸಲ ಕೊಳ್ಳುತ್ತೀರಿ, ಗುಂಡನ್ನು ಪ್ರತಿದಿನ. ದಿನಕ್ಕೆ 60ರಂತೆ ವಾರಕ್ಕೆ ಐದು ದಿನ ಹೊಡೆದರೆ 300. ವರ್ಷಕ್ಕೆ 15,600. ಒಂದು ಗುಂಡಿಗೆ 20 ರೂಪಾಯಿ ಎಂದು ಸುಮ್ಮನೆ ಲೆಕ್ಕ ಹಿಡಿದರೂ ವರ್ಷಕ್ಕೆ 3,12,000 ರೂಪಾಯಿ. ಪಾಯಿಂಟ್ ಟೂ ಟೂ ಗುಂಡಿನ ಸಿಡಿಮದ್ದು ಕೋಶದ ಅಂಚಿನೊಳಗೇ ಇರುವುದರಿಂದ ಖಾಲಿ ಕೋಶವನ್ನು ಮತ್ತೆ ತುಂಬಿ ಬಳಸುವ ಹಾಗಿಲ್ಲ. ಹೊಡೆದದ್ದು ಹೋಯಿತು.

ಆದ್ದರಿಂದ ಅನುಭವಿಗಳು ಖಾಲಿ ಪಿಸ್ತೂಲಿನಲ್ಲಿ ಹೆಚ್ಚು ಅಭ್ಯಾಸ ಮಾಡುತ್ತಾರೆ. ಗೋಡೆಗೆ ಬಿಳಿ ಹಾಳೆ ಅಂಟಿಸಿ, ಕೈ ಎತ್ತಿ, ಟ್ರಿಗರ್ ಎಳೆದು, ಆ ಕ್ಷಣ ಗುರಿಕಟ್ಟು ಅಲುಗಿತೇ ಎಂದು ನೋಡುವುದು. ಏರ್ ಪಿಸ್ತೂಲಿನಲ್ಲಿ ಇದಕ್ಕೆ ಖರ್ಚೇ ಇಲ್ಲ. ಪಾಯಿಂಟ್ ಟೂ ಟೂನಲ್ಲಿ ಎಚ್ಚರ ಬೇಕು. ಕೆಲವು ಮಾದರಿಗಳಲ್ಲಿ ಖಾಲಿ ಹೊಡೆದರೆ ಪಿನ್ ಒಳಗಿನ ಅಂಚಿಗೆ ತಾಗಿ ಪೆಟ್ಟಾಗುತ್ತದೆ, ಪಿಸ್ತೂಲಿನ ಜೊತೆ ಬರುವ ಪುಸ್ತಕ ಓದಿಯೇ ಮಾಡಬೇಕು. ಒಂದೂವರೆ ವರ್ಷದಲ್ಲಿ ಇದನ್ನು ಎಷ್ಟು ದಿನ ಮಾಡಿಸಿದ್ದಾರೆ ಎಂದು ಹುಡುಗಿಯನ್ನು ಕೇಳಿದೆವು. ‘ಒಂದಿನ ತೋರಿಸಿದ್ರು’ ಅಂದಳು. ದುಡ್ಡಿಲ್ಲದ ಅಭ್ಯಾಸ ಮಾಡಿಸಿದರೆ ಮಾರಲು ಏನೂ ಉಳಿಯುವುದಿಲ್ಲವಲ್ಲ!

ಕಾಯ್ದೆಯ ಮಾತು ಮುಚ್ಚಿಡುವವರ ಬಗ್ಗೆ

ಇದು ನಮಗೆ ಹೆಚ್ಚು ಸಿಟ್ಟು ತರಿಸಿದ ಭಾಗ. ಆ ಹಾಳೆಯಲ್ಲಿ ‘ಲೈಸೆನ್ಸ್’ ಅನ್ನುವ ಪದವೇ ಇರಲಿಲ್ಲ.

ಕೋವಿ ಇಟ್ಟುಕೊಂಡ ರೈತರಿಗೆ ಕಾಯ್ದೆ ಏನೆಂದು ಗೊತ್ತು. ಚುನಾವಣೆ ಬಂತೆಂದರೆ ಠಾಣೆಗೆ ಒಪ್ಪಿಸಿ, ಹಂದಿ ಗದ್ದೆಗೆ ನುಗ್ಗಿದರೂ ಕೈಕಟ್ಟಿ ನಿಂತವರು ಅವರು. ಕೊಡಗಿನಲ್ಲಿ ಕೊಡವರಿಗೆ ಮತ್ತು ಜಮ್ಮಾ ಹಿಡುವಳಿದಾರರಿಗೆ ಕೋವಿಯ ಪರವಾನಗಿಯಿಂದ ವಿನಾಯಿತಿ ಇದೆ, 2021ರಲ್ಲಿ ಹೈಕೋರ್ಟ್ ಕೂಡ ಅದನ್ನು ಎತ್ತಿಹಿಡಿಯಿತು. ಅಲ್ಲಿ ಕೈಲ್‌ಪೊಳ್ದ್ ಹಬ್ಬದಲ್ಲಿ ಕೋವಿ ಪೂಜೆ ಮಾಡಿ ತೆಂಗಿನಕಾಯಿಗೆ ಗುಂಡು ಹೊಡೆಯುವ ಪಂದ್ಯ ನೋಡಿದವರಿಗೆ ಗುರಿಯ ಕಲೆ ನಮ್ಮ ಹಳ್ಳಿಗೆ ಹೊಸದಲ್ಲ ಅನ್ನುವುದೂ ಗೊತ್ತು. ಆದರೆ ಆ ವಿನಾಯಿತಿ ಅಲ್ಲಿಗೆ ಸೇರಿದ್ದು. ಉಳಿದ ನಮಗೆಲ್ಲ 1959ರ ಶಸ್ತ್ರಾಸ್ತ್ರ ಕಾಯ್ದೆ, 2016ರ ನಿಯಮ.

ಅದರ ಸಾರ ಇಷ್ಟು. 20 ಜೂಲ್ ಶಕ್ತಿ ಮೀರದ, .177 ಅಂದರೆ 4.5 ಮಿ.ಮೀ. ನಳಿಗೆಯ ಏರ್ ಗನ್‌ಗಳಿಗೆ ಪರವಾನಗಿ ಬೇಡ. ಸ್ಪರ್ಧೆಯ ಏರ್ ಪಿಸ್ತೂಲು ಆ ಮಿತಿಗಿಂತ ಎಷ್ಟೋ ಕೆಳಗೆ. ಪಾಯಿಂಟ್ ಟೂ ಟೂ ಪಿಸ್ತೂಲು ಹಾಗಲ್ಲ. ಅದು ಬಂದೂಕೇ. ಪರವಾನಗಿ ಇಲ್ಲದೆ ಮನೆಯಲ್ಲಿಟ್ಟರೆ ಕ್ರೀಡೆ ಅನ್ನುವ ಕಾರಣ ನಡೆಯುವುದಿಲ್ಲ, ಜೈಲು. ಪರವಾನಗಿಗೆ ಸಾಮಾನ್ಯವಾಗಿ 21 ವರ್ಷ ತುಂಬಿರಬೇಕು. ಚಿಕ್ಕವರು 12 ವರ್ಷದಿಂದ ಮೇಲ್ವಿಚಾರಣೆಯಲ್ಲಿ ತರಬೇತಿ ಪಡೆಯಬಹುದು, ಷೂಟರ್‌ಗಳಿಗೆ ಪ್ರತ್ಯೇಕ ನಿಯಮಗಳಿವೆ, ಅದಕ್ಕೆ ಸ್ಪರ್ಧೆಯ ಅಂಕ ಮತ್ತು ಸಂಸ್ಥೆಯ ದಾಖಲೆ ತೋರಿಸಬೇಕು. ವಿದೇಶದಿಂದ ಪಿಸ್ತೂಲು ತರಿಸುವುದೂ ಅರ್ಹತೆ ಗಳಿಸಿದ ಷೂಟರ್‌ಗೆ ಮಾತ್ರ ಸಾಧ್ಯ, ದುಡ್ಡಿದ್ದ ಎಲ್ಲರಿಗೂ ಅಲ್ಲ.

ಅಂದರೆ ಮೊದಲು ಅಂಕ, ಆಮೇಲೆ ದಾಖಲೆ, ಆಮೇಲೆ ಪರವಾನಗಿ, ಕೊನೆಗೆ ಪಿಸ್ತೂಲು. ಇದನ್ನು ತಲೆಕೆಳಗು ಮಾಡಿ ಮುಂಗಡ ಕೇಳುವವರು ಆ ಅಪ್ಪನನ್ನು ಸಾಲಕ್ಕಷ್ಟೇ ಅಲ್ಲ, ಠಾಣೆಗೂ ದೂಡುತ್ತಿದ್ದರು.

‘ಹಾಗಾದರೆ ಒಳ್ಳೆ ಪಿಸ್ತೂಲು ಬೇಡ ಅಂತೀರಾ?’

ಹಾಗೆ ಹೇಳಿದರೆ ನಾವೂ ಆ ಫೋಟೊದ ಸುಳ್ಳನ್ನೇ ಹೇಳಿದಂತೆ. ಒಳ್ಳೆಯ ಪಿಸ್ತೂಲಿಗೆ ಬೆಲೆಯಿದೆ. ನಾಲ್ಕು ಸೆಕೆಂಡಿನಲ್ಲಿ ಐದು ಗುರಿ ಹೊಡೆಯುವಾಗ ಪ್ರತಿ ಗುಂಡಿಗೂ ನಳಿಗೆ ಮೇಲೇಳುತ್ತದೆ. ಅದು ಎಷ್ಟು ಕಡಿಮೆ ಎದ್ದರೆ, ಎಷ್ಟು ಬೇಗ ತನ್ನ ಜಾಗಕ್ಕೆ ಮರಳಿದರೆ ಅಷ್ಟು ಲಾಭ. ಅದಕ್ಕಾಗಿಯೇ ಈ ಪಿಸ್ತೂಲುಗಳಲ್ಲಿ ನಳಿಗೆಯನ್ನು ಕೈಗೆ ಆದಷ್ಟು ಹತ್ತಿರ, ತಗ್ಗಿನಲ್ಲಿ ಇಡುತ್ತಾರೆ, ಮುಂಭಾಗಕ್ಕೆ ತೂಕ ಸೇರಿಸಲು ಅವಕಾಶ ಕೊಡುತ್ತಾರೆ. ರಾಷ್ಟ್ರಮಟ್ಟದಲ್ಲಿ ಒಂದೊಂದು ಅಂಕಕ್ಕೆ ಹೋರಾಡುವವರಿಗೆ ಇದು ಬೇಕೇ ಬೇಕು.

ಇನ್ನೊಂದು ಆಕ್ಷೇಪಣೆಯೂ ನ್ಯಾಯವಾದದ್ದು. ‘ಹಳ್ಳಿಯವರು ಹಳೆಯದರಲ್ಲೇ ಹೊಡೆಯಲಿ, ಪೇಟೆಯವರಿಗೆ ಹೊಸದು, ಇದೇನಾ ನಿಮ್ಮ ಮಾತು?’ ಎಂದು ನಮ್ಮೊಳಗೇ ಒಬ್ಬರು ಕೇಳಿದರು. ಅಲ್ಲ. ಹಳ್ಳಿಯ ಮಗುವಿಗೂ ಆ ಪಿಸ್ತೂಲು ಸಿಗಬೇಕು. ಅಪ್ಪನ ತೋಟ ಅಡವಿಟ್ಟು ಸಿಗಬಾರದು, ಅಷ್ಟೆ. ಹಾಗಾದರೆ ಯಾರು ಕೊಡಬೇಕು?

ಗೆದ್ದವರ ಕೈಗೆ ಕೊಟ್ಟವರು ಯಾರು?

2012ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಇದೇ ಪಾಯಿಂಟ್ ಟೂ ಟೂ ಪಿಸ್ತೂಲಿನ ರ‍್ಯಾಪಿಡ್ ಫೈರ್‌ನಲ್ಲಿ ಬೆಳ್ಳಿ ಗೆದ್ದ ವಿಜಯ್ ಕುಮಾರ್ ಹಿಮಾಚಲದ ಹಮೀರ್‌ಪುರ ಜಿಲ್ಲೆಯವರು, ಸೇನೆಯ ಸುಬೇದಾರ್. ಅವರನ್ನು ಷೂಟರ್ ಮಾಡಿದ್ದು ಮಧ್ಯಪ್ರದೇಶದ ಮಹೂನಲ್ಲಿರುವ ಸೇನೆಯ ಗುರಿಕಾರ ತರಬೇತಿ ಘಟಕ.

ಇನ್ನೂ ಹತ್ತಿರ ಬನ್ನಿ. ಬೆಳಗಾವಿ ಗಡಿ ದಾಟಿದರೆ ಕೊಲ್ಹಾಪುರ ಜಿಲ್ಲೆ. ಅಲ್ಲಿನ ರಾಧಾನಗರಿ ತಾಲ್ಲೂಕಿನ ಕಂಬಳವಾಡಿಯ ಸ್ವಪ್ನಿಲ್ ಕುಸಾಳೆ ಪ್ಯಾರಿಸ್‌ನಲ್ಲಿ 50 ಮೀಟರ್ ರೈಫಲ್‌ನಲ್ಲಿ ಕಂಚು ಗೆದ್ದರು. ಅವರನ್ನು ಎಳವೆಯಲ್ಲಿ ಸೇರಿಸಿಕೊಂಡದ್ದು ಮಹಾರಾಷ್ಟ್ರ ಸರ್ಕಾರದ ಕ್ರೀಡಾ ಪ್ರಬೋಧಿನಿ. 25 ಮೀಟರ್ ಪಿಸ್ತೂಲಿನಲ್ಲಿ 2018ರ ಏಷ್ಯನ್ ಗೇಮ್ಸ್ ಚಿನ್ನ ಗೆದ್ದ ರಾಹಿ ಸರ್ನೋಬತ್ ಕೂಡ ಕೊಲ್ಹಾಪುರದವರೇ. ಗಡಿಯ ಆಚೆ ಬೆಳೆಯುವುದೂ ಕಬ್ಬು, ಈಚೆ ಬೆಳೆಯುವುದೂ ಕಬ್ಬು. ಮಕ್ಕಳ ಕೈ ಕಣ್ಣೂ ಬೇರೆಯಲ್ಲ.

ನಮ್ಮಲ್ಲಿ ಗೆದ್ದವರಿಲ್ಲ ಅಂತಲ್ಲ. 2014ರ ಕಾಮನ್‌ವೆಲ್ತ್ ಗೇಮ್ಸ್‌ನಲ್ಲಿ ಏರ್ ಪಿಸ್ತೂಲು ಬೆಳ್ಳಿ ಗೆದ್ದು 2016ರ ರಿಯೊ ಒಲಿಂಪಿಕ್ಸ್‌ಗೆ ಹೋದ ಪ್ರಕಾಶ್ ನಂಜಪ್ಪ, ಏಷ್ಯನ್ ಗೇಮ್ಸ್‌ನಲ್ಲಿ ಬೆಳ್ಳಿ ಗೆದ್ದ ದಿವ್ಯಾ ಟಿ.ಎಸ್. ಇಬ್ಬರ ಬಗ್ಗೆಯೂ ನಮಗೆ ಹೆಮ್ಮೆ. ಇಬ್ಬರೂ ಬೆಂಗಳೂರಿನವರು. ನಮ್ಮ ಪ್ರಶ್ನೆ ಬೆಂಗಳೂರಿನಿಂದ 300 ಕಿ.ಮೀ. ದೂರದಲ್ಲಿ ಕ್ಯಾಟರ್ ಬಿಲ್ಲಿನಲ್ಲಿ ಮಾವಿನಕಾಯಿ ತೊಟ್ಟಿಗೇ ಹೊಡೆಯುವ ಹುಡುಗಿಯದು.

ಯುವ ಸಬಲೀಕರಣ ಮತ್ತು ಕ್ರೀಡಾ ಇಲಾಖೆಗೆ ನಾವು ಕೇಳುವುದು ದೊಡ್ಡದೇನಲ್ಲ. 10 ಮೀಟರ್ ಏರ್ ಪಿಸ್ತೂಲಿಗೆ ಬೇಕಾದದ್ದು ಒಂದು ಉದ್ದನೆಯ ಹಾಲ್, ಗಟ್ಟಿ ಗೋಡೆ, ಹತ್ತು ಪಿಸ್ತೂಲು, ಒಬ್ಬ ಕೋಚ್. ಜಿಲ್ಲೆಗೊಂದು ಮಾಡಿ. ಕಂದಾಯ ವಿಭಾಗ ನಾಲ್ಕಿವೆ, ವಿಭಾಗಕ್ಕೊಂದು 25 ಮೀಟರ್ ರೇಂಜ್ ಮಾಡಿ, ಅಲ್ಲಿ ಇಲಾಖೆಯ ಹೆಸರಿನಲ್ಲೇ ಪಾಯಿಂಟ್ ಟೂ ಟೂ ಪಿಸ್ತೂಲುಗಳಿರಲಿ. ಚಿಕ್ಕ ಕೈಗೊಂದು, ದೊಡ್ಡ ಕೈಗೊಂದು, ಎಡಗೈಗೊಂದು ಹಿಡಿ ಇರಲಿ. ರಾತ್ರಿ ಬೀಗದ ಕಪಾಟಿನಲ್ಲಿರಲಿ, ಹಗಲು ಮಕ್ಕಳ ಕೈಯಲ್ಲಿರಲಿ. ಅಂಕ ಗಳಿಸಿದ ಮಗುವಿಗೆ ಗುಂಡಿನ ಖರ್ಚು ಕೊಡಿ. ಒಂದು ಪಿಸ್ತೂಲು ಮನೆಯಲ್ಲಿದ್ದರೆ ಒಬ್ಬಳೇ ಹೊಡೆಯುತ್ತಾಳೆ. ರೇಂಜಿನಲ್ಲಿದ್ದರೆ ದಿನಕ್ಕೆ ಎಂಟು ಮಕ್ಕಳು.

ಆ ಹುಡುಗಿಯ ಅಪ್ಪ ಸಾಲ ಮಾಡಲಿಲ್ಲ. ವಾಪಸು ಬರುವಾಗ ಬಸ್ಸಿನಲ್ಲಿ ಆ ಹಾಳೆಯನ್ನು ಮಡಚಿ ಜೇಬಿಗಿಟ್ಟುಕೊಂಡು, ‘ಹಿಡಿ ಅಳತೆಯಾದ್ರೂ ಕೇಳಬೇಕಿತ್ತು ಅವರು’ ಅಂದರು. ಅವಳು ಈಗ ತಿಂಗಳಿಗೆ ಎರಡು ಭಾನುವಾರ ನಗರಕ್ಕೆ ಹೋಗಿ ಕ್ಲಬ್ಬಿನ ಹಳೆಯ ಪಿಸ್ತೂಲಿನಲ್ಲಿ ಹೊಡೆಯುತ್ತಾಳೆ. ಹೋಗಿಬರಲು ಹನ್ನೊಂದು ತಾಸು ಬಸ್ಸು. ಉಳಿದ ದಿನ ಮನೆಯ ಗೋಡೆಯ ಬಿಳಿ ಹಾಳೆಗೆ ಏರ್ ಪಿಸ್ತೂಲಿನಲ್ಲಿ ಖಾಲಿ ಅಭ್ಯಾಸ. ಆ ಹನ್ನೊಂದು ತಾಸನ್ನು ನಾವು ಸಾಧನೆ ಎಂದು ಹೊಗಳುವುದಿಲ್ಲ. ಅದು ನಾಚಿಕೆಗೇಡು, ನಾಚಿಕೆ ಪಡಬೇಕಾದವರು ಆ ಮನೆಯವರಲ್ಲ.

ನಿಮ್ಮ ಮನೆಗೂ ಅಂಥ ಹಾಳೆ ಬಂದರೆ ಸಹಿ ಹಾಕುವ ಮುನ್ನ ಆರು ಪ್ರಶ್ನೆ ಕೇಳಿ. ಪರವಾನಗಿ ಯಾರ ಹೆಸರಿನಲ್ಲಿ, ಯಾವ ದಾಖಲೆಯ ಮೇಲೆ? ಹಿಡಿ ನನ್ನ ಮಗುವಿನ ಕೈಯ ಅಳತೆಯದೇ? ಒಂದು ಕೆ.ಜಿ. ತೂಕವನ್ನು ಹತ್ತು ಸಲ ಎತ್ತಿ ತೋರಿಸುತ್ತೀರಾ? ಇಲ್ಲಿ ಸಿಗುವ ಗುಂಡಿನಲ್ಲಿ ನೂರು ಹೊಡೆದು ತೋರಿಸುತ್ತೀರಾ? ಕೆಟ್ಟರೆ ಯಾರು, ಎಷ್ಟು ದಿನದಲ್ಲಿ ಸರಿಮಾಡುತ್ತಾರೆ? ವರ್ಷಕ್ಕೆ ಗುಂಡಿನ ಖರ್ಚೆಷ್ಟು, ಬರೆದುಕೊಡಿ.

ಇನ್ನೊಂದನ್ನು ಕೇಳದೆ ಕಣ್ಣಲ್ಲೇ ನೋಡಿ. ಹೊಡೆಯದ ಹೊತ್ತಿನಲ್ಲಿ ಪ್ರತಿ ಪಿಸ್ತೂಲಿನ ನಳಿಗೆಯೊಳಗೆ ಖಾಲಿ ಇದೆ ಎಂದು ತೋರಿಸುವ ಬಣ್ಣದ ಸೇಫ್ಟಿ ದಾರ ಅಥವಾ ಬಾವುಟ ಇರಬೇಕು, ಅದು ನಿಯಮ. ಅದಿಲ್ಲದೆ ಮಕ್ಕಳು ಪಿಸ್ತೂಲು ಹಿಡಿದು ರೀಲ್ಸ್ ಮಾಡುತ್ತಿದ್ದರೆ, ಪ್ರಶ್ನೆ ಕೇಳುವುದೂ ಬೇಡ, ಮಗುವಿನ ಕೈ ಹಿಡಿದುಕೊಂಡು ಎದ್ದು ಬನ್ನಿ.

ನಿಮ್ಮ ತಾಲ್ಲೂಕಿನಲ್ಲಿ ಇಂಥ ಹಾಳೆ ಓಡಾಡುತ್ತಿದ್ದರೆ ಹೆಸರು ಮುಚ್ಚಿ ಅದರ ಫೋಟೊ ನಮಗೆ ಕಳಿಸಿ. ನಾವು ಒಟ್ಟುಮಾಡುತ್ತಿದ್ದೇವೆ. ಹತ್ತು ಹಾಳೆ ಸೇರಿದ ದಿನ ಅವನ್ನು ಹಿಡಿದುಕೊಂಡು ಕ್ರೀಡಾ ಇಲಾಖೆಯ ಜಿಲ್ಲಾ ಕಚೇರಿಗೆ ಹೋಗುತ್ತೇವೆ. ಆ ಅಡಿಕೆ ಬೆಳೆಗಾರರೂ ಬರುತ್ತೇನೆ ಅಂದಿದ್ದಾರೆ.